ಕನ್ನಡಿಯ ಮೇಲಿನ ಹಕಾರ

ಕಳೆದ ತಿಂಗಳು ಮಂಡ್ಯದ ಪೇಟೆಬೀದಿಯಲ್ಲಿ ಒಂದು ಮಹಡಿಯ ಮೆಟ್ಟಿಲು ಹತ್ತಬೇಕಾಯಿತು. ನನ್ನ ತಮ್ಮನ ಮೊಮ್ಮಗಳು ಅಲ್ಲಿ ಸಂಜೆಯ ಹೊತ್ತು ಇಂಗ್ಲಿಷ್ ಮಾತನಾಡುವುದನ್ನು ಕಲಿಯುತ್ತಾಳೆ. ಮೂರು ತಿಂಗಳಿಗೊಮ್ಮೆ ಕಲಿಸುವವರು ಮಕ್ಕಳ ಮಾತನ್ನು ಪರೀಕ್ಷಿಸಿ ಅಂಕ ಕೊಡುತ್ತಾರೆ. ಆ ಪಟ್ಟಿಗೆ ಮನೆಯ ಹಿರಿಯರ ಸಹಿ ಬೇಕು. ಪಟ್ಟಿಯನ್ನು ಕೈಗೆ ತೆಗೆದುಕೊಂಡೆ. ಉಚ್ಚಾರಣೆ, ನಿರರ್ಗಳತೆ, ವಿನಯ, ಸ್ಪಷ್ಟತೆ ಎಂದು ನಾಲ್ಕು ಮನೆಗಳು. ಒಂದೊಂದಕ್ಕೆ ಹತ್ತು ಅಂಕ. ಅದೇ ಹೊತ್ತಿಗೆ ಎದುರಿನ ಮಂಡಿಯಿಂದ ಹೊಸ ಬೆಲ್ಲದ ವಾಸನೆ ಕಿಟಕಿಯೊಳಗೆ ಬಂತು. ನಾಲ್ಕು ಮನೆಗಳ ಅಂಕಪಟ್ಟಿ, ಹೊಸ ಬೆಲ್ಲದ ವಾಸನೆ. ಐವತ್ತು ವರ್ಷಗಳ ಹಿಂದೆ ಇವೆರಡೂ ಒಟ್ಟಿಗಿದ್ದ ಮತ್ತೊಂದು ಮಹಡಿಯಲ್ಲಿ ನನಗೆ ಒಂದು ಅನ್ಯಾಯವಾಯಿತು. ಅದನ್ನು ಅರ್ಧ ಮಾತ್ರ ಎಷ್ಟೋ ಜನರಿಗೆ ಹೇಳಿದ್ದೇನೆ. ಪೂರ್ತಿ ಹೇಳಿರಲಿಲ್ಲ; ಪೂರ್ತಿ ಹೇಳಿದರೆ ಕೊನೆಯಲ್ಲಿ ನಾನು ಮಾಡಿದ್ದನ್ನೂ ಹೇಳಬೇಕಾಗುತ್ತದೆ.

ಅದು ಎರಡನೆಯ ಮಹಾಯುದ್ಧ ಮುಗಿಯುವುದಕ್ಕೆ ಹಿಂದಿನ ವರ್ಷ. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಬೆಲ್ಲ ಕೊಂಡು ಮದರಾಸಿಗೆ ಸಾಗಿಸುವ ಕಂಪನಿಯೊಂದಿತ್ತು. ಈಗ ಅದಿಲ್ಲ, ಹೆಸರಿನ ಅಗತ್ಯವೂ ಇಲ್ಲ. ಆ ಕಂಪನಿ ಎಸ್ಸೆಲ್ಸಿ ಪಾಸಾದ ಆರು ಮಂದಿಯನ್ನು ಆರಿಸಿ, ಆಷಾಢದಿಂದ ಸಂಕ್ರಾಂತಿಯವರೆಗೆ ವ್ಯಾಪಾರದ ಇಂಗ್ಲಿಷನ್ನು ಬಾಯಲ್ಲಿ ಆಡುವುದು ಕಲಿಸುವುದಾಗಿ ಮಂಡ್ಯಕ್ಕೆ ಕರೆಯಿತು. ಕೊನೆಯಲ್ಲಿ ಮಾತಿನ ಪರೀಕ್ಷೆ. ಅದರಲ್ಲಿ ಮೊದಲನೆಯವನಾದವನು ಮಂಡ್ಯದ ಕಚೇರಿಯಲ್ಲಿ ಟೆಲಿಫೋನಿನ ಮೇಜಿಗೆ ಕೂರುವನು. ಮದರಾಸಿನ ದೊಡ್ಡ ವರ್ತಕರೊಡನೆ ಮಾತನಾಡುವನು. ಉಳಿದ ಐವರು ಡಿಪೋಗಳಿಗೆ ಹೋಗಿ ತಕ್ಕಡಿಯ ಪಕ್ಕ ನಿಲ್ಲುವರು. ನಾನು ದುದ್ದದ ಬಳಿಯ ಒಂದು ಒಕ್ಕಲು ಮನೆಯವನು. ನಮ್ಮ ಮನೆತನದಲ್ಲಿ ಎಸ್ಸೆಲ್ಸಿ ಮುಟ್ಟಿದವನು ನಾನೊಬ್ಬನೇ. ತಕ್ಕಡಿಯ ಪಕ್ಕ ನಿಲ್ಲುವುದಕ್ಕೆ ಅಷ್ಟು ಓದಬೇಕಾಗಿರಲಿಲ್ಲ. ನಮ್ಮಪ್ಪ ಓದದೆಯೇ ನಿಲ್ಲುತ್ತಿದ್ದರು. ನನಗೆ ಆ ಮೇಜು ಬೇಕಾಗಿತ್ತು.

ಕಲಿಸಲು ಬಂದವರು ಮಿಸ್ಟರ್ ರಾಜ್. ಮೂವತ್ತರ ಆಸುಪಾಸಿನ ವಯಸ್ಸು, ಬೂದುಬಣ್ಣದ ಕೋಟು, ಕಡುಗೆಂಪು ಟೈ, ಎಡಕ್ಕೆ ತೆಗೆದ ಬೈತಲೆ. ಅವರು ಮೈಸೂರಿನವರೆಂದು ನಾವು ತಿಳಿದೆವು. ಅವರು ಹಾಗೆಂದು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಕಂಪನಿಯ ಒಂದೇ ಟೆಲಿಫೋನನ್ನು ಪಾಠಕ್ಕೆ ಕೊಡುವಂತಿರಲಿಲ್ಲ. ಆದ್ದರಿಂದ ಅವರು ಮಹಡಿಯ ಮೇಲಿನ ಕಚೇರಿಯ ಹಜಾರದ ನಡುವೆ ಒಂದು ದುಪ್ಪಟಿಯನ್ನು ಪರದೆಯಂತೆ ಇಳಿಬಿಟ್ಟು, ಅದರ ಹಿಂದೆ ಮದರಾಸಿನ ವರ್ತಕರಾಗಿ ಕುಳಿತರು. ಈಚೆ ಬದಿಯಲ್ಲಿ ನಾವು ಒಬ್ಬೊಬ್ಬರಾಗಿ ನಿಂತು ಮಾತನಾಡಬೇಕು. ಮುಖ ಕಾಣದು, ಕೈಸನ್ನೆ ಕಾಣದು; ಕೇಳಿಸಿದ್ದಷ್ಟೇ ಲೆಕ್ಕಕ್ಕೆ.

ಮೊದಲನೆಯ ದಿನ ಪರದೆಯ ಹಿಂದಿನಿಂದ ಹೆಸರು ಕೇಳಿದರು. ನನ್ನ ಹೆಸರು ಹನುಮೇಗೌಡ. ನಮ್ಮ ಸೀಮೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹಾಲು ಆಲಾಗುತ್ತದೆ. ಅವ್ವ ಹತ್ತೊಂಬತ್ತು ವರ್ಷ ಕರೆದಂತೆಯೇ ಹೇಳಿದೆ: "ಅನ್ಮೇಗೌಡ, ಸರ್."

ಅವರು ರಿಜಿಸ್ಟರಿನಲ್ಲಿ ಇಂಗ್ಲಿಷಿನ ಎ ಅಕ್ಷರದಿಂದ ಆರಂಭಿಸಿ ಅನುಮೇಗೌಡ ಎಂದು ಬರೆದರು. ಓದಿ ಹೇಳಿದಾಗ ನಾನು ತಿದ್ದಲು ಕೇಳಿಕೊಂಡೆ. ಪರದೆ ಸರಿಸಿ ನನ್ನನ್ನು ನೋಡಿ ಕನ್ನಡದಲ್ಲಿಯೇ ಹೇಳಿದರು: "ನೀವು ಹೇಳಿದ್ದನ್ನು ನಾನು ಬರೆದಿದ್ದೇನೆ. ಟೆಲಿಫೋನಿನಲ್ಲಿ ಕೇಳಿಸಿದ್ದೇ ಬರಹ. ನಿಮ್ಮ ಹೆಸರನ್ನು ಹಕಾರದಿಂದ ಹೇಳುವ ದಿನ ತಿದ್ದುತ್ತೇನೆ." ಉಳಿದ ಐವರು ನಕ್ಕರು. ಅವರಲ್ಲಿ ಮೂವರ ಬಾಯಲ್ಲೂ ಹಕಾರ ಇರಲಿಲ್ಲ. ಆದರೆ ಅವರ ಹೆಸರುಗಳಲ್ಲಿಯೂ ಇರಲಿಲ್ಲ. ಅಂದಿನಿಂದ ಆರು ತಿಂಗಳು ಎ ಅಕ್ಷರದವನೆಂದು ಪ್ರತಿದಿನ ಮೊದಲು ನನ್ನನ್ನೇ ಕರೆಯುತ್ತಿದ್ದರು. ಪ್ರತಿದಿನದ ಮೊದಲ ನಗು ನನ್ನ ಪಾಲಿಗೆ ಬೀಳುತ್ತಿತ್ತು.

ಅದೇ ದಿನ ಇನ್ನೊಂದು ಕಟ್ಟಳೆ ಮಾಡಿದರು. ಸಂಕ್ರಾಂತಿಯವರೆಗೆ ನಾವು ಕಚೇರಿಯಲ್ಲಾಗಲಿ ಮಲಗುವ ಕೋಣೆಯಲ್ಲಾಗಲಿ ಕನ್ನಡ ಆಡಕೂಡದು. ಆಡಿದವನನ್ನು ಜೊತೆಯವರು ಒಪ್ಪಿಸಬೇಕು; ವಿನಯದ ಮನೆಯಿಂದ ಒಂದು ಅಂಕ ಕಳೆಯುವುದು. ರೈಲ್ವೆ ನಿಲ್ದಾಣದ ಹಿಂದಿನ ಒಂದು ಉದ್ದನೆಯ ಕೋಣೆಯಲ್ಲಿ ನಾವು ಆರು ಮಂದಿಯೂ ಇದ್ದೆವು. ಆಷಾಢದ ಗಾಳಿ ಹೆಂಚುಗಳನ್ನು ಕದಲಿಸುತ್ತಿತ್ತು, ಮಳೆ ಬಂದರೆ ಮೂರು ಕಡೆ ಸೋರುತ್ತಿತ್ತು. ಸೋರುತ್ತಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಧೈರ್ಯವಿರಲಿಲ್ಲ. ನಮಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ಸರಕು ಕಳಿಸಿದ್ದೇವೆನ್ನಬಹುದಿತ್ತು, ದರ ಕೇಳಬಹುದಿತ್ತು, ತಡವಾದುದಕ್ಕೆ ವಿಷಾದಿಸಬಹುದಿತ್ತು. ಮನೆಯ ನೆನಪಾಗಿದೆ ಎನ್ನುವುದಕ್ಕೆ ಅದರಲ್ಲಿ ಮಾತಿರಲಿಲ್ಲ. ಶ್ರಾವಣದಲ್ಲಿ ನಾಗಭೂಷಣನೆಂಬ ಜೊತೆಗಾರನಿಗೆ ಚಳಿಜ್ವರ ಬಂತು. ನಾನು ಹೋಟೆಲಿನಿಂದ ಗಂಜಿ ತಂದುಕೊಟ್ಟು, ತಡವಾಗಿತ್ತಾದ್ದರಿಂದ, "ವಿ ರಿಗ್ರೆಟ್ ದ ಡಿಲೇ" ಎಂದೆ. ಅವನು ಹಲ್ಲು ಕಟಕಟಿಸುತ್ತ, "ಗೂಡ್ಸ್ ರಿಸೀವ್ಡ್ ವಿತ್ ಥ್ಯಾಂಕ್ಸ್" ಎಂದ. ಇಬ್ಬರಿಗೂ ನಗು ಬಂತು. ಆ ನಗುವಿನ ನಡುವೆ ನಾನು, "ಲೇ, ಬಿಸಿಯಾಗಿದ್ದಾಗ್ಲೆ ಕುಡ್ದುಬುಡ್ಲಾ" ಎಂದುಬಿಟ್ಟೆ. ಮರುದಿನ ನನ್ನ ವಿನಯದಲ್ಲಿ ಒಂದು ಅಂಕ ಕಡಿಮೆಯಾಗಿತ್ತು. ಒಪ್ಪಿಸಿದವನು ಗಂಜಿ ಕುಡಿದವನೇ. ಅಂದಿನಿಂದ ನಾನು ಕೋಣೆಯಲ್ಲಿ ಯಾವ ಭಾಷೆಯನ್ನೂ ಆಡಲಿಲ್ಲ.

ಆಡುತ್ತಿದ್ದುದು ಒಂದೇ ಕಡೆ. ಕಚೇರಿಯ ಮೆಟ್ಟಿಲ ಕೆಳಗೆ ಗಫಾರ್ ಸಾಬರ ಗಡಿಯಾರ ರಿಪೇರಿ ಅಂಗಡಿ ಇತ್ತು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಜಾಗ. ಅವರು ನನ್ನನ್ನು ಪರದೆಯ ಪಾಠದ ಮೊದಲ ದಿನದಿಂದಲೇ ಬಲ್ಲರು. ನಮ್ಮ ಕೂಗಾಟವೆಲ್ಲ ಮರದ ಅಟ್ಟದ ಮೂಲಕ ಅವರ ತಲೆಯ ಮೇಲೆಯೇ ಬೀಳುತ್ತಿತ್ತು. ಒಂದು ಸಂಜೆ ನಾನು ಮೆಟ್ಟಿಲಿಳಿಯುವಾಗ ಕರೆದರು.

"ಬನ್ನಿ ಗೌಡ್ರೆ. ದಿನಾ ನಿಮ್ದೊಂದೇ ಹೆಸ್ರು ಕೇಳ್ತೀನಿ. ನಿಮ್ಮ ದೇವ್ರ ಹೆಸ್ರನ್ನ ಸಾಬ ನಾನು ನೆಟ್ಟಗೆ ಹೇಳ್ತೀನಿ, ಹ-ನು-ಮ. ನೀವು ನೋಡಿದ್ರೆ ಪಾಪ, ದೇವ್ರ ತಲೇನೇ ಹಾರಿಸ್ತೀರಲ್ರೀ!"

"ನಾಲಿಗೆ ತಿರುಗಾಕಿಲ್ಲ ಸಾಬ್ರೆ."

"ನಾಲಿಗೆಗೇನು ಕೆಲ್ಸ? ಇದು ಉಸಿರಿನ ಕೆಲ್ಸ." ಅವರು ಮೇಜಿನ ಖಾನೆಯಿಂದ ಅಂಗೈಯಗಲದ ಕನ್ನಡಿಯೊಂದನ್ನು ತೆಗೆದು ನನ್ನ ಬಾಯಿಯ ಮುಂದೆ ಹಿಡಿದರು. "ಹ ಅನ್ನಿ. ಕನ್ನಡಿ ಮಬ್ಬಾದ್ರೆ ಹ. ಮಬ್ಬಾಗ್ಲಿಲ್ಲ ಅಂದ್ರೆ ಅ."

ಕನ್ನಡಿ ಹೊಳೆಯುತ್ತಲೇ ಇತ್ತು. ಅಂದು ಸಂಜೆ, ಮರುದಿನ ಸಂಜೆ, ದಸರೆಯವರೆಗಿನ ಎಲ್ಲ ಸಂಜೆಗಳಲ್ಲಿ ನಾನು ಆ ಕನ್ನಡಿಯ ಮುಂದೆ ನಿಂತೆ. ಸಾಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಕ್ರಗಳನ್ನು ಜೋಡಿಸುತ್ತಲೇ, ತಲೆಯೆತ್ತದೆ, "ಇಲ್ಲ... ಇಲ್ಲ... ಹ್ಞಾ, ಸ್ವಲ್ಪ ಬಂತು" ಎನ್ನುತ್ತಿದ್ದರು. ಮೊದಲ ಸಲ ಗಾಜಿನ ಮೇಲೆ ನಾಣ್ಯದಷ್ಟು ಮಬ್ಬು ಕಂಡಾಗ ಅವರು ಕೆಲಸ ಬಿಟ್ಟು ಎದ್ದು ನನ್ನ ಬೆನ್ನು ತಟ್ಟಿದರು. ಆ ಆರು ತಿಂಗಳಲ್ಲಿ ನನ್ನ ಬೆನ್ನು ತಟ್ಟಿದವರು ಅವರೊಬ್ಬರೇ. ಇದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಆದರೆ ಅವರಿಗೆ ಇಂಗ್ಲಿಷ್ ಬಾರದು. ಇಂಗ್ಲಿಷಿನಲ್ಲಿ ಹಕಾರವನ್ನು ಬರೆದೂ ಉಚ್ಚರಿಸದ ಕೆಲವು ಮಾತುಗಳಿವೆ. ಗಂಟೆ ಎನ್ನುವುದಕ್ಕೆ ಅವರ್, ಪ್ರಾಮಾಣಿಕ ಎನ್ನುವುದಕ್ಕೆ ಆನೆಸ್ಟ್. ಅದು ಸಾಬರಿಗೆ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಕಷ್ಟಪಟ್ಟು ಗಳಿಸಿದ ಉಸಿರನ್ನು ನಾನು ಕಂಡಕಂಡಲ್ಲಿ ಬಿಡತೊಡಗಿದೆ. ಪರದೆಯ ಮುಂದೆ ಎರಡು ಸಲ "ಹಾನೆಸ್ಟ್" ಎಂದೆ, ಒಂದು ಸಲ "ಹವರ್" ಎಂದೆ. ಆಚೆಯಿಂದ ಕಾಗದದ ಮೇಲೆ ಪೆನ್ಸಿಲು ಉಜ್ಜುವ ಸದ್ದು ಬಂತು. ತಿದ್ದುವ ಮಾತು ಬರಲಿಲ್ಲ. ಕಲಿಸುವುದಕ್ಕೆಂದೇ ಸಂಬಳ ಪಡೆಯುವವರು ತಪ್ಪನ್ನು ಕೇಳಿ, ಬರೆದುಕೊಂಡು, ಸುಮ್ಮನಿದ್ದರು. ಇದನ್ನು ನಾನು ರಿಜಿಸ್ಟರಿನ ಎ ಅಕ್ಷರಕ್ಕಿಂತ ದೊಡ್ಡ ಅಪರಾಧವೆಂದು ಎಣಿಸುತ್ತೇನೆ.

ದೀಪಾವಳಿಗೆ ಎರಡು ದಿನ ಊರಿಗೆ ಹೋದೆ. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು, ಕಬ್ಬು ಆಳೆತ್ತರ ನಿಂತಿತ್ತು. ಕನ್ನಡ ಆಡಬಹುದೆಂಬ ಸಂತೋಷದಲ್ಲಿ ಹೊಸಿಲು ದಾಟುತ್ತಲೇ ಮಾತಿಗಿಳಿದೆ. ಅವ್ವ ಒಲೆಯ ಮುಂದಿನಿಂದ ತಿರುಗಿ ಗಾಬರಿಯಿಂದ ನೋಡಿದಳು.

"ಯಾಕ್ಲಾ ಮಗ, ಮಾತ್ ಮಾತಿಗೂ ಉಸ್ ಅಂತೀಯಾ? ಎದೆ ಕಟ್ಕಂಡದಾ?"

"ಇಲ್ಲ ಕಣವ್ವ. ಹಸಿವಾಗದೆ. ಹಾಲು ಕೊಡು."

"ಅಯ್ಯೋ ಶಿವ್ನೆ, ನೋಡ್ರಿ ಇಲ್ಲಿ! ಆಲು ಅನ್ನಕ್ಕೂ ಉಸಿರು ಸಾಲಾಕಿಲ್ಲ ಮಗೀಗೆ!"

ಅಪ್ಪ ಜಗಲಿಯಿಂದಲೇ, "ಪ್ಯಾಟೆ ಗಾಳಿ ಒಗ್ಗಿಲ್ಲ ಕಣಮ್ಮಿ, ಉಬ್ಬಸ ಇಡ್ಕಂಡದೆ" ಎಂದರು. ಅದು ಉಬ್ಬಸವಲ್ಲ, ವಿದ್ಯೆ ಎಂದು ವಿವರಿಸಲು ಹೋದೆ. ವಿವರಣೆಯ ತುಂಬ ಹಕಾರಗಳಿದ್ದವು. ಅವ್ವ ಶುಂಠಿ ಮೆಣಸು ಜಜ್ಜಿ ಕಷಾಯ ಕಾಸಿದಳು, ಎದೆಗೆ ಹರಳೆಣ್ಣೆ ತಿಕ್ಕಿದಳು. ನನ್ನ ತಂಗಿ ಬಾಗಿಲ ಮರೆಯಲ್ಲಿ ನಿಂತು "ಹಣ್ಣಾ, ಹುಣ್ಣಕ್ಕೆ ಬಾ" ಎಂದು ಅಣಕಿಸುತ್ತಿದ್ದಳು. ಅಣ್ಣನಿಗೂ ಉಣ್ಣುವುದಕ್ಕೂ ಹಕಾರವಿಲ್ಲವೆಂಬುದು ಆ ಹುಡುಗಿಗೆ ಗೊತ್ತಿತ್ತು. ಇಂಗ್ಲಿಷಿನಲ್ಲಿ ಅಂಥದೇ ಹುಣ್ಣುಗಳನ್ನು ನಾನು ಮಾಡುತ್ತಿದ್ದುದು ನನಗೆ ಗೊತ್ತಿರಲಿಲ್ಲ. ಎರಡನೆಯ ದಿನ ನಾನು ಮನೆಯಲ್ಲಿಯೂ ಮಾತು ಕಡಿಮೆ ಮಾಡಿದೆ. ಮಂಡ್ಯದಲ್ಲಿ ಹಕಾರವಿಲ್ಲದವನು, ಊರಿನಲ್ಲಿ ಹಕಾರದ ರೋಗಿ. ಹಿಂದಿರುಗುವಾಗ ಗಾಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕುಳಿತು, ಎತ್ತುಗಳ ಗಂಟೆಯ ಸದ್ದಿನಲ್ಲಿ ಯಾರಿಗೂ ಕೇಳದಂತೆ ನನ್ನ ಹೆಸರನ್ನು ಎರಡು ಬಗೆಯಲ್ಲಿಯೂ ಹೇಳಿಕೊಂಡೆ. ಎರಡೂ ಬೇರೆ ಯಾರದೋ ಹೆಸರಿನಂತೆ ಕೇಳಿಸಿದವು.

ಸಂಕ್ರಾಂತಿಯ ಮರುವಾರ ಪರೀಕ್ಷೆ. ಮಂಡಿಗೆ ಹೊಸ ಬೆಲ್ಲ ಬರತೊಡಗಿತ್ತು. ಗಾಡಿಗಳು ಬೀದಿಯುದ್ದಕ್ಕೂ ನಿಂತು, ಕಚೇರಿಯ ಗೋಡೆಗಳೂ ಸಿಹಿ ನಾರುತ್ತಿದ್ದವು. ಮದರಾಸಿನಿಂದ ಬಂದ ಮ್ಯಾನೇಜರು ಪರದೆಯ ಹಿಂದೆ ಮಿಸ್ಟರ್ ರಾಜ್ ಅವರ ಪಕ್ಕದಲ್ಲಿ ಕುಳಿತರು. ಅಂದು ನನ್ನನ್ನು ಮೊದಲು ಕರೆಯಲಿಲ್ಲ, ಕೊನೆಗೆ ಇಟ್ಟರು. ನಾನು ಹೊರಗಿನ ಪಡಸಾಲೆಯಲ್ಲಿ, ಟೆಲಿಫೋನಿನ ಮೇಜಿನ ಪಕ್ಕದ ಬೆಂಚಿನ ಮೇಲೆ ಕಾಯುತ್ತಿದ್ದೆ. ಐದನೆಯವನು ಪರೀಕ್ಷೆ ಮುಗಿಸಿ ಕೆಳಗಿಳಿದು ಹೋದ ಮೇಲೆ ಟೆಲಿಫೋನು ಬಡಿದುಕೊಂಡಿತು. ಸುತ್ತ ಯಾರೂ ಇರಲಿಲ್ಲ. ಎದ್ದು ಎತ್ತಿಕೊಂಡು, ಕನ್ನಡಿ ಮಬ್ಬಾಗುವಂತೆ, "ಹಲೋ, ಗುಡ್ ಮಾರ್ನಿಂಗ್" ಎಂದೆ.

"ಯಾರ್ಲಾ ಅದು?" ಎಂದಿತು ಆಚೆಯ ದನಿ. "ಮದ್ದೂರ್ ಡಿಪೋ ಕಣ್ಲಾ ಇದು. ಆತಗೂರ್ನಿಂದ ಜನ ಬಂದವ್ರೆ. ಸಿದ್ರಾಜಂಗೆ ಏಳು, ಅವ್ರವ್ವ ಮಾತ್ ಬುಟ್ಟವ್ಳೆ ಅಂತ."

ಕಟ್ಟಳೆ ನೆನಪಿತ್ತು. ಸಿದ್ದರಾಜ ಎಂದರೆ ಯಾರು ಎಂದು ಇಂಗ್ಲಿಷಿನಲ್ಲಿಯೇ ಕೇಳಿದೆ.

"ಅದೇ ಕಣ್ಲಾ, ಕತ್ಗೆ ಬಟ್ಟೆ ಬಿಗ್ಕಂಡು ಇಂಗ್ಲೀಸ್ ಕಲಿಸ್ತಾನಲ್ಲ, ಅವ್ನೇಯ!"

ನಾನು ಹಜಾರದ ಬಾಗಿಲಿಗೆ ಹೋಗಿ, "ಟೆಲಿಫೋನ್, ಸರ್" ಎಂದೆ. ಮಿಸ್ಟರ್ ರಾಜ್ ಸಿಡುಕಿನಿಂದ ಎದ್ದು ಬಂದು ಟೆಲಿಫೋನನ್ನು ಕಿವಿಗಿಟ್ಟುಕೊಂಡರು.

"ಅಲೋ! ಯಾರು, ಮಾವ?... ಅವ್ವ ಎಂಗವ್ಳೆ?... ಏನಾರ ಏಳುದ್ಲಾ?... ಬಾಯ್ಗೆ ಆಲು ಬುಟ್ರಾ?... ಬತ್ತೀನಿ ಮಾವ, ಸಂಜೆ ರೈಲ್ಗೆ ಬತ್ತೀನಿ. ಮದ್ರಾಸ್ ಮ್ಯಾನೇಜ್ರು ಕುಂತವ್ರೆ, ಈಗ ಎಂಗ್ ಬುಟ್ಬರ್ಲಿ?..."

ನಾನು ಒಂದು ಮಾರು ದೂರದಲ್ಲಿದ್ದೆ. ಐದು ಹಕಾರಗಳು ಬಿದ್ದುಹೋದವು, ಎಣಿಸಿದೆ. ಎಣಿಸಿದ್ದಕ್ಕೆ ಆಗ ನಾಚಿಕೆಯಾಗಲಿಲ್ಲ. ಅವರು ಟೆಲಿಫೋನನ್ನು ಕೊಕ್ಕೆಗೆ ಹಾಕಿ, ಗೋಡೆಗೆ ಕೈಯೂರಿ ನಿಂತರು. ಆಮೇಲೆ ನನ್ನನ್ನು ನೋಡಿದರು. ಈಗಲೇ ಓಗ್ಬುಡಿ ಸರ್ ಎಂದು ಹೇಳಲು ನಾನು ನಿಜವಾಗಿಯೂ ಬಾಯಿ ತೆರೆದಿದ್ದೆ. ಬೀದಿಯಲ್ಲಿ ಮದ್ದೂರಿನ ಕಡೆಗೆ ಹೊರಟ ಲಾರಿಗಳಿದ್ದವು. ಅವರು ಟೈ ಸರಿಮಾಡಿಕೊಂಡು, "ನೆಕ್ಸ್ಟ್ ಕ್ಯಾಂಡಿಡೇಟ್, ಪ್ಲೀಸ್" ಎಂದು ಒಳಗೆ ಹೋದರು.

ಪರದೆಯ ಮುಂದೆ ನಿಂತೆ. ಮ್ಯಾನೇಜರ ದನಿ ಹೆಸರು ಕೇಳಿತು. ಆರು ತಿಂಗಳ ಉಸಿರನ್ನೆಲ್ಲ ಸೇರಿಸಿ, ಅಕ್ಷರ ಬಿಡಿಸಿ, "ಹನುಮೇಗೌಡ" ಎಂದೆ. ಅದಕ್ಕಿಂತ ಶುದ್ಧವಾಗಿ ಆ ಹೆಸರನ್ನು ಪೂಜಾರಿಯೂ ಹೇಳಲಾರ.

ಪುಟ ತಿರುವುವ ಸದ್ದು. "ಆ ಹೆಸರಿನವನು ಇಲ್ಲಿ ಯಾರೂ ಇಲ್ಲವಲ್ಲ?" ಎಂದು ಮ್ಯಾನೇಜರು ಇಂಗ್ಲಿಷಿನಲ್ಲಿ ಕೇಳಿದರು. "ಇಲ್ಲಿರುವುದು ಅನುಮೇಗೌಡ."

ಹಕಾರದಿಂದ ಹೇಳುವ ದಿನ ತಿದ್ದುತ್ತೇನೆ ಎಂದಿದ್ದವರು ಅವರ ಪಕ್ಕದಲ್ಲಿಯೇ ಇದ್ದರು. ನಾನು ಕಾದೆ.

"ಅವನೇ ಸರ್," ಎಂದರು ಮಿಸ್ಟರ್ ರಾಜ್. ಇಂಗ್ಲಿಷಿನಲ್ಲಿ, ಒಂದು ಉಸಿರೂ ತಪ್ಪದಂತೆ ಮುಂದುವರಿಸಿದರು: "ಈ ಹಳ್ಳಿಯವರಿಗೆ ತಮ್ಮ ಹೆಸರು ತಮಗೇ ಸರಿಯಾಗಿ ತಿಳಿದಿರುವುದಿಲ್ಲ."

ಆಮೇಲಿನದು ಬೇಗ ಮುಗಿಯಿತು. ಸರಕು ಯಾವಾಗ ತಲುಪುತ್ತದೆ ಎಂದು ಮ್ಯಾನೇಜರು ಕೇಳಿದರು, "ಹವರ್" ಎಂದೆ. ನಿಮ್ಮನ್ನು ಹೇಗೆ ನಂಬುವುದು ಎಂದರು. ನಾವು "ಹಾನೆಸ್ಟ್" ವರ್ತಕರು ಎಂದೆ. ಮ್ಯಾನೇಜರು ದೊಡ್ಡದಾಗಿ ನಕ್ಕರು. ಕೆಟ್ಟ ನಗುವಲ್ಲ, ಹಗುರವಾದ ನಗು, ಆದರೆ ನಕ್ಕರು. ಮರುದಿನ ಕಚೇರಿಯವರು ಪಟ್ಟಿಗಳನ್ನು ಕೊಟ್ಟರು. ಉಚ್ಚಾರಣೆಗೆ ಹತ್ತಕ್ಕೆ ಮೂರು. ಕೆಳಗೆ ಮಿಸ್ಟರ್ ರಾಜ್ ಅವರ ಓರೆಯಕ್ಷರದಲ್ಲಿ ಒಂದು ಷರಾ: "ಬೇಡದ ಕಡೆ ಉಸಿರು ಸೇರಿಸುತ್ತಾನೆ, ಡಿಪೋಗೆ ಯೋಗ್ಯ." ಮೇಜು ನಾಗಭೂಷಣನಿಗೆ ಹೋಯಿತು. ನನಗೆ ಮಳವಳ್ಳಿಯ ಡಿಪೋ. ಆ ಪಟ್ಟಿ ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ. ಅದರ ಮೇಲಿರುವ ಹೆಸರು ನನ್ನದಲ್ಲ.

ಗಫಾರ್ ಸಾಬರಿಗೆ ಹೇಳಿ ಹೊರಡಲು ಹೋದೆ. ಅವರು ಕನ್ನಡಿಯನ್ನು ಒರೆಸಿ ಕಾಗದದಲ್ಲಿ ಸುತ್ತಿ ನನ್ನ ಜೇಬಿಗೆ ಹಾಕಿದರು. "ಹೋಗ್ಲಿ ಬಿಡಿ. ಕೈ ತಪ್ಪಿದ್ದು ಮೇಜು. ಉಸಿರು ನಿಮ್ದೇ."

ಮಳವಳ್ಳಿಗೆ ಹೋಗುವವರು ರೈಲಿನಲ್ಲಿ ಮದ್ದೂರಿಗೆ ಬಂದು ಅಲ್ಲಿಂದ ಬಸ್ಸು ಹಿಡಿಯಬೇಕು. ಪರೀಕ್ಷೆಯಾಗಿ ಎರಡು ವಾರವಾಗಿತ್ತು. ನಾನು ಟ್ರಂಕು ಹೊತ್ತು ಮದ್ದೂರಿನಲ್ಲಿ ಇಳಿದೆ. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಪ್ಲಾಟ್‌ಫಾರಮ್ಮಿನ ಕೊನೆಯ ಬೆಂಚಿನ ಮೇಲೆ ತಲೆ ಬೋಳಿಸಿಕೊಂಡು ಪಂಚೆಯುಟ್ಟ ಒಬ್ಬರು ಎಲೆಯಲ್ಲಿ ವಡೆ ಇಟ್ಟುಕೊಂಡು ಕುಳಿತಿದ್ದರು. ದಾಟಿ ಹೋಗಿದ್ದೆ, ಹಿಂದಿನಿಂದ ಕರೆ ಬಂತು.

"ಅನ್ಮೇಗೌಡ."

ಅವ್ವನ ಬಾಯಿಂದ ಬಂದಂತೆಯೇ ಇತ್ತು. ತಿರುಗಿದೆ. ಕೋಟು ಇರಲಿಲ್ಲ, ಟೈ ಇರಲಿಲ್ಲ, ಬೈತಲೆ ತೆಗೆಯಲು ಕೂದಲೂ ಇರಲಿಲ್ಲ.

"ಮಳವಳ್ಳಿಗೆ ಒಂಟ್ಯಾ? ಬಾರಪ್ಪ, ಕುಂತ್ಕೊ," ಎಂದು ಮಿಸ್ಟರ್ ರಾಜ್ ಬೆಂಚಿನ ಮೇಲೆ ಪಕ್ಕಕ್ಕೆ ಸರಿದರು. "ಅವ್ವ ಓದ್ಲು ಕಣಪ್ಪ. ನಾನು ಓಗೋ ಒತ್ಗೆ ಆಗೋಗಿತ್ತು. ಮೊನ್ನೆ ತಿಥಿ ಆಯ್ತು." ಬೋಳುತಲೆಯನ್ನು ಒಮ್ಮೆ ಸವರಿಕೊಂಡರು. "ಮಾತ್ ಬುಡೋಗಂಟ ನನ್ ಎಸ್ರೇ ಕರೀತಿದ್ಲಂತೆ. ಬೆಳಿಗ್ಗೇನೆ ಒಂಟಿದ್ರೆ..." ವಡೆಯನ್ನು ಎರಡಾಗಿ ಮುರಿದು ಅರ್ಧವನ್ನು ನನ್ನ ಕಡೆ ಚಾಚಿದರು. "ತಕೊ. ಒಸಿ ಒತ್ತು ಮಾತಾಡ್ಕಂಡ್ ಕೂರು. ಆ ಮಂಡ್ಯದಾಗೆ ನಂಗೂ ಯಾರವ್ರೆ ಮಾತಾಡಾಕೆ?"

ಬೆಳಗ್ಗೆ ಹೊರಟಿದ್ದರೆ ಎಂಬ ಆ ಮಾತು ಯಾವ ಬೆಳಗಿನದೆಂದು ನಾವಿಬ್ಬರೂ ಬಲ್ಲೆವು. ನನಗೆ ಮೂರು ಅಂಕ ಕೊಡಲು ಅವರು ಉಳಿದುಕೊಂಡ ಬೆಳಗು. ವಡೆಯ ಈರುಳ್ಳಿಯ ವಾಸನೆ ಮೂಗಿಗೆ ಬಡಿಯಿತು. ಆರು ತಿಂಗಳಿನಿಂದ ನನ್ನನ್ನು ಮಾತಿಗೆ ಕರೆದು ಕೂರಿಸಿಕೊಳ್ಳುವ ಒಬ್ಬ ನಮ್ಮ ಸೀಮೆಯವನಿಗಾಗಿ ನಾನು ಕಾದಿದ್ದೆ. ಅಂಥವರೇ ಎದುರಿಗೆ ಕುಳಿತಿದ್ದರು. ನಾನು ನೆಟ್ಟಗೆ ನಿಂತು, ಪರದೆಯ ಮುಂದೆ ನಿಲ್ಲುವಂತೆ ನಿಂತು, ಹೇಳಿದೆ:

"ನೋ, ಥ್ಯಾಂಕ್ಯೂ, ಸರ್. ಐ ಹ್ಯಾವ್ ಹ್ಯಾಡ್ ಮೈನ್."

ನನ್ನ ಊಟವಾಗಿದೆ ಎಂದು ಅರ್ಥ. ವರ್ತಕರು ಊಟಕ್ಕೆ ಕರೆದರೆ ಹೇಳಲೆಂದು ಅವರೇ ಕಲಿಸಿದ ವಾಕ್ಯ. ಎರಡು ಹಕಾರಗಳೂ ಎಲ್ಲಿರಬೇಕೋ ಅಲ್ಲಿದ್ದವು, ಬೇಡದ ಕಡೆ ಒಂದೂ ಇರಲಿಲ್ಲ. ಅರ್ಥ ಮಾತ್ರ ಸುಳ್ಳು.

ಅವರು ಚಾಚಿದ್ದ ಕೈಯನ್ನು ಒಡನೆ ಹಿಂತೆಗೆಯಲಿಲ್ಲ. ನನ್ನ ಮುಖವನ್ನು ನೋಡಿ, ಪಾಠ ಒಪ್ಪಿಸಿದ ಹುಡುಗನನ್ನು ಒಪ್ಪುವಂತೆ ತಲೆದೂಗಿದರು. "ಬಂತು ಕಣಪ್ಪ ನಿಂಗೆ," ಎಂದರು. "ಇನ್ನು ತಿದ್ಬೇಕು ರಿಜಿಸ್ಟ್ರ."

ನನಗೆ ಆದ ಅವಮಾನಗಳನ್ನು ತಾರೀಕು ಸಮೇತ ಹೇಳಬಲ್ಲೆ. ಯಾವುದನ್ನೂ ಮನ್ನಿಸಿಲ್ಲ, ಅವರ ಮೂರು ಅಂಕವನ್ನೂ ಮನ್ನಿಸಿಲ್ಲ. ನಾನು ಮಾಡಿದ ಅವಮಾನವೊಂದಿದೆ. ಅದನ್ನು ಮನ್ನಿಸಬೇಕಾದವರು ಈಗ ಇದ್ದಾರೋ ಇಲ್ಲವೋ ತಿಳಿಯದು. ಟ್ರಂಕನ್ನು ತಲೆಗೇರಿಸಿ ಬಸ್ಸಿನ ಕಡೆ ನಡೆದೆ. ಗೇಟಿನ ಬಳಿ ಒಮ್ಮೆ ಹಿಂದಿರುಗಿ ನೋಡಿದೆ. ಅವರು ಆ ಅರ್ಧ ವಡೆಯನ್ನು ಎಲೆಯ ತುಂಡಿನ ಮೇಲೆ, ನನಗಾಗಿ ಬಿಟ್ಟಿದ್ದ ಜಾಗದಲ್ಲಿ ಇಟ್ಟು, ತಮ್ಮ ಅರ್ಧವನ್ನು ತಿನ್ನುತ್ತಿದ್ದರು.